ನಲವತ್ತೆಂಟು ಎಂದು ಬರೆದ ಮಧ್ಯಾಹ್ನ

ಕಳೆದ ತಿಂಗಳು ಶಿಗ್ಗಾಂವಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯಕ್ಕೆ ಸುಣ್ಣ ಬಳಿಸಬೇಕಿತ್ತು. ಕಪಾಟುಗಳನ್ನು ಸರಿಸಿದಾಗ ಹಿಂದಿನಿಂದ, ಮೇಲೆ ತಂತಿ ಬಿಗಿದ ಉದ್ದನೆಯ ಮರದ ಪೆಟ್ಟಿಗೆಯೊಂದು ಹೊರಬಂತು. ಧೂಳು ಒರೆಸಿದೆ. ಹಳೆಯ ವಾರ್ನಿಶ್ಶು, ತುಕ್ಕು ಹಿಡಿಯದಿರಲೆಂದು ತಂತಿಗೆ ಸವರಿದ ಹೊಲಿಗೆ ಯಂತ್ರದ ಎಣ್ಣೆ, ಎರಡರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯಿತು. ಸೋನೋಮೀಟರ್… ಮೂವತ್ತು ವರ್ಷಗಳ ಹಿಂದೆ ನನಗೆ ಭೌತಶಾಸ್ತ್ರ ಕಲಿಸಿದ ಸರ್ ಎದುರಿಗೆ ಬಂದು ನಿಂತಂತಾಯಿತು.

ಆಗ ನಾನು ಹತ್ತಿಮತ್ತೂರಿನಿಂದ ದಿನಾ ಬಸ್ಸಿನಲ್ಲಿ ಇನ್ನೊಂದು ಊರಿನ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಸರ್ ಹಿರೇಕೆರೂರ ಕಡೆಯವರು. ತೋಳು ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೊಂದು ಟೆಸ್ಟರು. ಸ್ಟಾಫ್ ರೂಮಿನಲ್ಲಿ ವರ್ಗಾವಣೆ, ಚುನಾವಣೆ, ಮಳೆ ಬೆಳೆ ಯಾವುದರ ಮಾತು ಎದ್ದರೂ ಇವರೂ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಆದರೆ ಹರಟೆ ರಂಗೇರಿದ ಹೊತ್ತಿಗೆ, "ಅದನ್ನ ಯಾರು ಅಳದು ನೋಡ್ಯಾರ್ರಿ?" ಎಂದು ಕೇಳಿ ಎಲ್ಲರ ಉತ್ಸಾಹಕ್ಕೂ ತಣ್ಣೀರು ಎರಚುತ್ತಿದ್ದರು. ನಮಗೂ ಮೊದಲ ವರ್ಷದಲ್ಲೇ ಹೇಳಿದ್ದರು: "ತಂತಿ ಏನ್ ಹೇಳತೈತಿ ಅದನ್ನ ಬರೀರಿ. ನೀವು ಏನ್ ಕೇಳಬೇಕಂತ ಬಂದೀರಿ, ಅದನ್ನ ಬರೀಬ್ಯಾಡ್ರಿ."

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬೇಸಿಗೆಯಲ್ಲಿ ಬಂತು. ಅಂಕ ಚೆನ್ನಾಗಿ ಬಂದರೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಇಷ್ಟಕ್ಕೆ ಸಾಕು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಸೋನೋಮೀಟರು. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಓಡಾಡುತ್ತದೆ ಎಂಬುದನ್ನು ಆ ತಂತಿಯಿಂದ ಕಂಡುಹಿಡಿಯಬೇಕು. ಆಯಸ್ಕಾಂತದ ನಡುವಿನ ತಂತಿಗೆ ಕರೆಂಟು ಬಿಟ್ಟು ಉದ್ದವನ್ನು ಸರಿಯಾಗಿ ಹೊಂದಿಸಿದರೆ ಅದು ಜೋರಾಗಿ ನಡುಗಿ, ಮೇಲಿಟ್ಟ ಕಾಗದದ ಚೂರು ಹಾರಿ ಬೀಳುತ್ತದೆ. ಆ ಉದ್ದದಿಂದ ಲೆಕ್ಕ. ಪುಸ್ತಕದಲ್ಲಿರುವ ಉತ್ತರ ಐವತ್ತು.

ನನಗೆ ಬಂದದ್ದು ನಲವತ್ತೆಂಟು ಚಿಲ್ಲರೆ. ಮೂರು ಸಲ ಮಾಡಿದೆ. ಮೂರು ಸಲವೂ ಅಷ್ಟೇ. ಪಕ್ಕದ ಟೇಬಲ್ಲಿನ ಗೆಳತಿ ತಲೆ ಎತ್ತದೆ ಪಿಸುಗುಟ್ಟಿದಳು: "ಉದ್ದ ಒಂಚೂರು ಕಡಿಮಿ ಬರಕೋ, ಐವತ್ತು ಬರತೈತಿ. ನಾವೆಲ್ಲಾ ಹಂಗ ಮಾಡೇವಿ." ಧಾರವಾಡ ಕಣ್ಣ ಮುಂದಿತ್ತು. ಕಾಗದದ ಚೂರು ಮಾತ್ರ ಅಲ್ಲೇ, ಅದೇ ಉದ್ದಕ್ಕೇ ಹಾರಿ ಬಿದ್ದಿತ್ತು… ನಲವತ್ತೆಂಟು ಎಂದೇ ಬರೆದೆ.

ಪರೀಕ್ಷೆ ನಡೆಸಲು ದೊಡ್ಡ ಊರಿನಿಂದ ಬಂದಿದ್ದ ಪ್ರಾಧ್ಯಾಪಕರು ಉತ್ತರದ ಸುತ್ತ ಕೆಂಪು ಗೆರೆ ಎಳೆದರು. "ಮೂರು ವರ್ಷ ಓದಿ ಇಷ್ಟು ಗೊತ್ತಿಲ್ಲೇನು? ಐವತ್ತು ಬರಬೇಕು" ಎಂದರು. ಮೂಲೆಯಲ್ಲಿದ್ದ ಸರ್ ನಿಧಾನಕ್ಕೆ ನಡೆದು ಬಂದರು.

"ನೀವ ಒಂದ್ಸಲ ಮಾಡಿ ನೋಡ್ರಿ" ಎಂದರು.

ಪ್ರಾಧ್ಯಾಪಕರು ತಾವೇ ಮಾಡಿದರು. ಅವರಿಗೂ ನಲವತ್ತೆಂಟೇ ಬಂತು. "ಈ ತಂತಿ ಸರಿ ಇಲ್ಲ ಬಿಡ್ರಿ" ಎಂದರು.

"ತಂತಿ ಸರಿ ಇಲ್ಲಂದ್ರ, ಈಕಿಗಿಂತ ಮೊದಲ ಇದರ ಮ್ಯಾಲೆನ ಇಬ್ಬರಿಗೆ ಐವತ್ತು ಹೆಂಗ ಬಂತ್ರಿ?" ಎಂದು ಸರ್ ಕೇಳಿದರು.

ಚಹಾದ ಹೊತ್ತಾಗಿತ್ತು. "ಹಿಂದ ಗ್ರಿಡ್ ಐತಿ. ಚಹಾ ಅಲ್ಲೇ ಕುಡಿಯೂಣು ಬರ್ರಿ" ಎಂದರು ಸರ್. ನನ್ನ ಕಡೆ ತಿರುಗಿ, "ನೀನೂ ಬಾರವಾ, ರೀಡಿಂಗ್ ನಿಂದು" ಎಂದರು.

ಎರಡು ಹೊಲ ದಾಟಿದರೆ ವಿದ್ಯುತ್ ಕೇಂದ್ರ. ಕರೆಂಟು ಹಂಚುವ ಆ ಜಾಗವನ್ನು ಊರವರೆಲ್ಲ ಗ್ರಿಡ್ ಎಂದೇ ಕರೆಯುತ್ತಿದ್ದರು. ಒಳಗೆ ಆಪರೇಟರು ಚುರುಮುರಿ ತಿನ್ನುತ್ತ ಕೂತಿದ್ದ. ಮೂವರನ್ನು ಕಂಡು, "ಯಾರ ಮನ್ಯಾಗ ಕರೆಂಟ್ ಹೋಗೈತ್ರಿ?" ಎಂದು ಕೇಳಿದ. ಸರ್ ಗೋಡೆಯ ಮೀಟರಿನತ್ತ ಬೆರಳು ಮಾಡಿದರು. ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ಪಟ್ಟಿಗಳಿದ್ದವು, ಒಂದೊಂದಕ್ಕೂ ಒಂದೊಂದು ಅಂಕಿ. ಕರೆಂಟು ಸೆಕೆಂಡಿಗೆ ಎಷ್ಟು ಸಲ ಓಡಾಡುತ್ತದೋ ಆ ಅಂಕಿಯ ಪಟ್ಟಿ ನಡುಗುತ್ತದೆ. ಐವತ್ತರ ಪಟ್ಟಿ ಅಲುಗದೆ ನಿಂತಿತ್ತು. ನಲವತ್ತೆಂಟರ ಪಟ್ಟಿ ಜ್ವರ ಬಂದಂತೆ ಗಡಗಡ ನಡುಗುತ್ತಿತ್ತು.

"ಬ್ಯಾಸಗ್ಯಾಗ ಇಷ್ಟ ಇರತೈತ್ರಿ" ಎಂದ ಆಪರೇಟರು. "ಎಲ್ಲಾ ಕಡೆ ಪಂಪ್‌ಸೆಟ್ ಒಮ್ಮೆಲೆ ಚಾಲೂ ಆಗ್ತಾವು. ಹಾನಗಲ್ಲೇನು, ಹಿರೇಕೆರೂರೇನು. ಭಾರ ತಡೀಲಾರದ ಕರೆಂಟ್ ನಿಧಾನ ಆಗತೈತಿ. ಮಧ್ಯಾಹ್ನದಾಗ ಐವತ್ತು ನೋಡಿದ್ದ ನನಗಂತೂ ನೆನಪಿಲ್ಲ."

ಪರೀಕ್ಷಕರು ಹತ್ತಿರ ಹೋಗಿ ಆ ಪಟ್ಟಿಯ ಅಂಕಿಯನ್ನು ಓದಿಕೊಂಡರು. ವಾಪಸು ಬರುವಾಗ ಬದುವಿನ ಮೇಲೆ, "ಇಷ್ಟು ವರ್ಷ ಐವತ್ತಕ್ಕ ಮಾರ್ಕ್ಸ್ ಕೊಟ್ಟೇನಲ್ರಿ" ಎಂದು ಯಾರಿಗೋ ಎಂಬಂತೆ ಹೇಳಿದರು. ಬಂದವರೇ ಕೆಂಪು ಗೆರೆ ಹೊಡೆದುಹಾಕಿ ನನಗೆ ಪೂರ್ತಿ ಅಂಕ ಕೊಟ್ಟರು. ಆಮೇಲೆ ಐವತ್ತು ಬರೆದ ಉಳಿದವರ ಉತ್ತರ ಪುಸ್ತಕಗಳಿಗೆ ಕೈ ಹಾಕಿದರು. ಸರ್ ತಡೆದರು.

"ಅವರದು ಕಡಿಮಿ ಮಾಡಬ್ಯಾಡ್ರಿ. ಐವತ್ತು ಬಂದ್ರ ಪಾಸು ಅಂತ ಕಲಿಸಿದವರು ನಾವ. ಇನ್ನೊಮ್ಮೆ ಮಾಡಿಸೂಣು, ಬಂದದ್ದು ಬರೀಲಿ."

ಚೀಟಿಯಲ್ಲಿ ಸೋನೋಮೀಟರು ಬಂದವರೆಲ್ಲ ಸಂಜೆಯವರೆಗೂ ಮತ್ತೆ ಮಾಡಿದರು. ಒಬ್ಬರಿಗೂ ಐವತ್ತು ಬರಲಿಲ್ಲ. ಒಬ್ಬರೂ ಫೇಲಾಗಲಿಲ್ಲ. ನನಗೆ ಧಾರವಾಡದ ಸೀಟು ಸಿಕ್ಕಿತು. ಅಪ್ಪ ಊರೆಲ್ಲ ಪೇಢೆ ಹಂಚಿದ.

ಪಿಎಚ್.ಡಿ. ಮುಗಿಸಿ, ಕೆಲಸದ ಆದೇಶ ಹಿಡಿದುಕೊಂಡು ಹಿರೇಕೆರೂರಿಗೆ ಹೋಗಿ ಅವರ ಕಾಲಿಗೆರಗಿದಾಗ, ಅವರು ಕೇಳಿದ್ದು ಒಂದೇ: "ಅಲ್ಲಿ ಲ್ಯಾಬ್ ಐತೇನವಾ?"

ಈಗ ಪ್ರಯೋಗಕ್ಕೆ ಮೊದಲೇ ಉತ್ತರ ಫೋನಿನಲ್ಲಿರುತ್ತದೆ. ಬೇಡವೆಂದರೂ ಬಂದು ಬೀಳುವ ಸುದ್ದಿಗಳಲ್ಲಿ ಯಾವುದು ನಿಜ, ಯಾವುದು ಯಂತ್ರ ಬರೆದದ್ದು ಎಂದು ಹುಡುಗರು ನನ್ನನ್ನೇ ಕೇಳುತ್ತಾರೆ. ಎಷ್ಟೋ ಸಲ ನನಗೂ ತಿಳಿಯುವುದಿಲ್ಲ. ತಿಳಿಯದು ಎಂದೇ ಹೇಳುತ್ತೇನೆ. ಹಾಗೆ ಹೇಳುವ ಧೈರ್ಯ ಬಂದದ್ದು ಎಲ್ಲಿಂದ ಎಂದು ನನಗೆ ಗೊತ್ತು.

ಸರ್ ಹೋಗಿ ಎರಡು ವರ್ಷವಾಯಿತು. ನಾನು ಅಂದು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದೆ, ಫೋನು ಬಂದ್ ಇತ್ತು. ಮಣ್ಣು ಮಾಡುವ ಹೊತ್ತಿಗೆ ತಲುಪಲಾಗಲಿಲ್ಲ… ಮರುದಿನ ಹೋದಾಗ ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ನನ್ನ ಹುಡುಗಿ ಡಾಕ್ಟರ್ ಆದ್ಲಂತ ಪ್ಯಾಟಿ ತುಂಬ ಹೇಳಿ ಬಂದಿದ್ರವಾ. ಓಣಿ ಮಂದಿ, ಆಕಿ ಯಾವಾಗ ಬರ್ತಾಳ, ಮೊಣಕಾಲು ತೋರಿಸಬೇಕು ಅಂತ ಕೇಳಾಕತ್ತಿದ್ರು."

ಈ ವರ್ಷ ನಮ್ಮ ಕಾಲೇಜಿನ ಇಬ್ಬರು ಹುಡುಗಿಯರಿಗೆ ಭೌತಶಾಸ್ತ್ರ ಎಂ.ಎಸ್ಸಿ. ಸೀಟು ಸಿಕ್ಕಿದೆ. ಅವರಲ್ಲಿ ದುಂಡಸಿಯವಳು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಸುದ್ದಿ ಹೇಳಿದಳು. ಕೇಳಿದ ಕೂಡಲೇ ಇದನ್ನು ಮೊದಲು ಸರ್‌ಗೆ ತಿಳಿಸಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು. ಕೊನೆಗೆ ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೇ ಸರ್ ವಿಷಯ ಹೇಳತೊಡಗಿದೆ. ನಡುವೆ ದುಂಡಸಿಯ ಬಸ್ಸೊಂದು ಬಂದು ಹೋಯಿತು. ಅವಳು ಏಳಲಿಲ್ಲ.