ಮಾದಪ್ಪನ ಹೆಸರಿನ ಮೀನು

ಲೊಕ್ಕನಹಳ್ಳಿ ಕಡೆಯ ಆ ಸಣ್ಣ ಊರಿನಲ್ಲಿ ಮೀನು ತಿನ್ನುವವರು ಬೇಕಾದಷ್ಟು ಮಂದಿ. ಬೀಸುಬಲೆ ಎಸೆಯಲು ಬರುತ್ತಿದ್ದದ್ದು ಮಾತ್ರ ಮುತ್ತಯ್ಯನೊಬ್ಬನಿಗೆ. ಹಾಗಾಗಿ ಹಳ್ಳ ಬತ್ತಿ, ಅವನು ಬಲೆ ಬೀಸುತ್ತಿದ್ದ ಮಡು ಮೊಣಕಾಲುದ್ದದ ಕೆಸರಾದ ವರ್ಷ ಊರವರು ಜಲಾನಯನ ಸಂಘ ಕಟ್ಟಿದಾಗ, ಎಲ್ಲರಿಗಿಂತ ಮೊದಲು ಗುದ್ದಲಿ ಎತ್ತಿದವನು ಅವನೇ. ಪುಣ್ಯದ ಆಸೆಗೇನೂ ಅಲ್ಲ.

ಗುಡ್ಡದ ಇಳಿಜಾರಿಗೆ ಬದು ಹಾಕಿದರು, ಹಳ್ಳಕ್ಕೆ ಅಡ್ಡಲಾಗಿ ಕಲ್ಲು ಜೋಡಿಸಿದರು. ಮಡುವಿನ ನಡುವೆ ಆಳುದ್ದ ಗುಂಡಿ ಬೇಕು, ಬೇಸಿಗೆಯಲ್ಲಿ ಮೀನು ಅಲ್ಲಿಗೆ ಇಳಿಯುತ್ತವೆ; ದಂಡೆಯ ಹೊಂಗೆ ಕಡಿಯಬೇಡಿ, ಮರಿಗಳಿಗೆ ನೆರಳು ಬೇಕು ಎಂದೆಲ್ಲ ಹೇಳಿಕೊಟ್ಟವನು ಮುತ್ತಯ್ಯ. ಮಳೆ ಬಂತು, ನೀರು ನಿಂತಿತು, ಗೆಂಡೆ ಮೀನಿನ ಮರಿಗಳು ಮಿಣುಗಿದವು. ಮೂರು ವರ್ಷ ಯಾರೂ ಮೀನು ಹಿಡಿಯುವಂತಿಲ್ಲ, ಆಮೇಲೆ ಮುತ್ತಯ್ಯನಿಗೆ ವಾರಕ್ಕೆರಡು ದಿನ ಎಂದು ಸಂಘ ಬೋರ್ಡು ನೆಟ್ಟಿತು.

ಬೋರ್ಡಿನ ಬಣ್ಣ ಒಣಗುವ ಮೊದಲೇ ಯಾರೋ ಬ್ಲೀಚಿಂಗ್ ಪೌಡರ್ ಸುರಿದು ಅರ್ಧದಷ್ಟು ಮೀನು ಸಾಯಿಸಿ, ತೇಲಿದ್ದನ್ನು ಬಾಚಿಕೊಂಡು ಹೋದರು. ಓದಲು ಬಾರದವರೇನಲ್ಲ. ಮುತ್ತಯ್ಯ ಎರಡು ದಿನ ಯೋಚಿಸಿದ. ಸೋಮವಾರ ಅರಳಿಕಟ್ಟೆಯಲ್ಲಿ ಊರ ಮುಂದೆ ಕೈಮುಗಿದು ನಿಂತ.

"ಕನಸ್ನಲ್ಲಿ ಬೆಟ್ಟದ್ ದೇವ್ರು ಮಾದಪ್ಪ ಬಂದಿದ್ದ ಕಣ್ರಪ್ಪಾ. ಮಡು ಮೀನೆಲ್ಲಾ ನಂದು, ಮುಟ್ಟುದ್ರೆ ಕಣ್ಣೋಯ್ತವೆ ಅಂದ."

ಸಂಘದ ಅಧ್ಯಕ್ಷೆ ದೊಡ್ಡಬಸಮ್ಮ ಅಂದೇ ಹೊಂಗೆ ಮರಕ್ಕೆ ಅರಿಸಿನದ ಬಟ್ಟೆ ಕಟ್ಟಿದಳು. ಆಮೇಲೆ ಒಂದು ಮರಿಯೂ ಕಳುವಾಗಲಿಲ್ಲ. ಇಷ್ಟು ಸಸ್ತಾ ಕಾವಲು ಯಾವ ಇಲಾಖೆಗೂ ಸಿಕ್ಕಿರಲಾರದು. ತನ್ನ ಉಪಾಯಕ್ಕೆ ತಾನೇ ಬೀಗುತ್ತ ಮುತ್ತಯ್ಯ ಮೂರು ವರ್ಷ ಕೊಳ್ಳೇಗಾಲದ ಬಯಲಿಗೆ ಕಬ್ಬು ಕಡಿಯಲು ಹೋದ.

ಗಡುವು ಮುಗಿದ ಮಾರನೆಯ ಬೆಳಿಗ್ಗೆ ಬಲೆ ಹೊತ್ತು ಬಂದರೆ, ದಂಡೆಯ ಮೇಲೆ ದೊಡ್ಡಬಸಮ್ಮ ದೇವರ ಮೀನಿಗೆ ಹಾಕುವ ಕಡಲೆಪುರಿಯ ತಟ್ಟೆ ಹಿಡಿದು ನಿಂತಿದ್ದಳು. ಹಿಂದೆ ಹತ್ತು ಜನ.

"ಏನ್ಲಾ ಅದು ಎಗಲ್ ಮ್ಯಾಲೆ?"

"ಬಲೆ ಕಣವ್ವಾ. ಮೂರ್ ವರ್ಸ ಆಯ್ತಲ್ಲ."

"ಮೂರ್ ವರ್ಸ ಅಂದುದ್ದು ಸಂಗ. ಮಾದಪ್ಪ ಎಷ್ಟ್ ವರ್ಸ ಅಂದಿದ್ದ?"

ಮುತ್ತಯ್ಯ ಸಂಘದ ಕಾರ್ಯದರ್ಶಿ ಶಾಂತರಾಜುವಿನ ಮುಖ ನೋಡಿದ.

"ರೆಜುಲೂಷನ್ ನಿನ್ ಕಡೀಕೇ ಅದೆ ಮುತ್ತಯ್ಯ," ಎಂದ ಶಾಂತರಾಜು. "ದೇವ್ರು ಮೀಟಿಂಗ್‌ಗೆ ಬಂದಿರ್ನಿಲ್ಲ. ನಾನೇನ್ ಮಾಡ್ಲಿ?"

ಇನ್ನು ನಿಜ ಹೇಳದೆ ದಾರಿಯಿರಲಿಲ್ಲ. "ಅವ್ವಾ, ಕನಸೂ ಇಲ್ಲ ಗಿನಸೂ ಇಲ್ಲ. ಪೌಡರ್ ಆಕೋರ್ನ ಎದ್ರುಸಕೆ ನಾನೇ ಕಟ್ಟುದ್ ಮಾತು."

ದೊಡ್ಡಬಸಮ್ಮ ಸಿಟ್ಟಾಗಲಿಲ್ಲ, ಮರುಗಿದಳು. "ನಿನ್ ತಲೇಗೆ ಅಂತಾ ಮಾತ್ ಒಳೀತದೇನ್ಲಾ? ಅವ್ನೇ ನಿನ್ ಬಾಯಲ್ ಏಳ್ಸವ್ನೆ. ಈಗ ಮೀನಿನ್ ಆಸೇಗೆ ಸುಳ್ಳ್ ಏಳ್ತಿದ್ದೀಯೆ."

ಗುಂಪಿನ ಹಿಂದಿನಿಂದ ಪುಟ್ಟಸಿದ್ದಯ್ಯ ಕತ್ತು ಚಾಚಿದ. ಪೌಡರ್ ಸುರಿದವನು ಇವನೇ ಎಂದು ಊರೆಲ್ಲ ಗುಸುಗುಸು ಇತ್ತು. "ಅವ್ನೇ ಸುಳ್ಳು ಅಂತಾವ್ನಲ್ಲ, ಬುಡವ್ವ. ದೇವ್ರಿಲ್ದಿದ್ಮೇಲೆ ಮಡು ಎಲ್ಲಾರ್ದೂವೆ. ನಾಳಿಕೆ ನಾವೂ ಬತ್ತೀವಿ."

ಇಬ್ಬರು ಮೂವರು ನಕ್ಕರು. ಆದರೆ ಅವರ ಕಣ್ಣು ನೀರಿನ ಮೇಲಿತ್ತು. ಮುತ್ತಯ್ಯ ಅದನ್ನು ಕಂಡ. ತನ್ನ ಮಾತು ಗೆದ್ದರೆ ನಾಳೆ ಸಂಜೆಯೊಳಗೆ ಮಡುವಿನಲ್ಲಿ ಮೊಟ್ಟೆಯೂ ಉಳಿಯುವುದಿಲ್ಲ. ಸೋತರೆ ಮೀನೆಲ್ಲ ಉಳಿಯುತ್ತವೆ, ಅವನಿಗೆ ಮಾತ್ರ ಒಂದೂ ಸಿಗುವುದಿಲ್ಲ.

"ಇಲ್ಲ," ಎಂದ, ನೆಲ ನೋಡುತ್ತ. "ಅವ್ವ ಏಳುದ್ದೇ ದಿಟ. ಕನಸ್ ಬಿದ್ದಿತ್ತು. ಆಸೇಗೆ ಬಾಯ್ ತಪ್ತು."

ಪುಟ್ಟಸಿದ್ದಯ್ಯ ತುಟಿ ಕಚ್ಚಿಕೊಂಡು ಹಿಂದೆ ಸರಿದ.

"ತಪ್ಪು ಕಾಣ್ಕೆ ಅಂತ ಸೋಮ್ವಾರ ಸೋಮ್ವಾರ ನೀನೇ ಬಂದು ಪುರಿ ಆಕು," ಎಂದು ದೊಡ್ಡಬಸಮ್ಮ ತಟ್ಟೆಯನ್ನು ಅವನ ಕೈಗಿಟ್ಟಳು.

ಹೆಗಲಿನ ಬಲೆಯನ್ನು ಇಳಿಸಲು ಯಾರೂ ಹೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ. ಒಂದು ಹಿಡಿ ಪುರಿ ಎಸೆದ. ತೋಳಿನಷ್ಟು ದಪ್ಪದ ಗೆಂಡೆಗಳು ಎದ್ದು ಬಂದವು, ಕೈ ಹಾಕಿದರೆ ಸಿಗುವಷ್ಟು ಹತ್ತಿರ.

"ಇನ್ನೊಸಿ ಆಕ್ಲಾ," ಎಂದಳು ದೊಡ್ಡಬಸಮ್ಮ.

ಹಾಕಿದ.