ಅಮ್ಮನ ಸುಕ್ಕೇ ಅಳತೆಗೋಲು

ಚಿಕ್ಕಂದಿನಲ್ಲಿ ಫೋಟೋ ಸ್ಟುಡಿಯೋದ ಕತ್ತಲೆಕೋಣೆಯಿಂದ ಒಂದು ಹುಳಿವಾಸನೆ ಬರುತ್ತಿತ್ತು. ಮೂಗು ಹಿಡಿದುಕೊಂಡೇ ಬಾಗಿಲಲ್ಲಿ ಇಣುಕುತ್ತಿದ್ದೆ. ಇವತ್ತು ಬೆಳಗಿನ ಆರು ಗಂಟೆಗೆ ಈ ಕ್ಯಾಮೆರಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ವಾಸನೆ ಇಲ್ಲ. ಕಿಟಕಿಯ ಮಬ್ಬು ಬೆಳಕಿನಲ್ಲಿ, ಮಡಿಸಿದ ಶಾಲು ಹಾಸಿದ ಸ್ಟೂಲಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಾರೆ.

ಶಾಲು ಹಾಸಿದವರು ಎದುರಿಗಿರುವ ಮಗಳು. ಅಂಗಡಿಗೆ ಬರುವ ಹಳೆಯ ಕ್ಯಾಮೆರಾಗಳನ್ನು ಪರೀಕ್ಷಿಸಿ ಪಾಸು, ಫೇಲು ಹೇಳುವುದು ಇವರ ಕೆಲಸ. ಹಾಗಾಗಿ ಎಲ್ಲರಿಗೂ 'ಮೇಷ್ಟ್ರಕ್ಕ'. ಕೈಯಲ್ಲಿರುವುದು ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್. ಬೆಳಕು ಹಿಡಿಯುವ ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದಿರುವ ಇದಕ್ಕೆ ಮಬ್ಬು ಬೆಳಕೂ ಸಾಕು. ಹತ್ತು ಗಂಟೆಗೆ ಫೋಟೋಗ್ರಾಫರ್ ಒಬ್ಬರು ಇದನ್ನು ಹಿಡಿದು ಮದುವೆಗೆ ಹೋಗಬೇಕು.

ಪರೀಕ್ಷೆಗೆಂದು ತೆಗೆದ ಬಿಳಿ ಗೋಡೆಯ ಚಿತ್ರದಲ್ಲಿ ಧೂಳಿನ ಚುಕ್ಕೆಯಿಲ್ಲ. ಶಟರ್ ಸದ್ದು ಸರಿಯಿದೆ. ಕೊನೆಗೆ ಅಮ್ಮನ ಮುಖ.

"ಫೋಕಸ್ ನೋಡೋ ಚಾರ್ಟಿಗಿಂತ ನಮ್ಮಮ್ಮನ ನರೆಗೂದಲೇ ವಾಸಿ."

"ಉದುರೋದ್ರೊಳಗೆ ತೆಗಿಯೇ!"

ಮೇಷ್ಟ್ರಕ್ಕ ಹದಿನೆಂಟು ವರ್ಷ ಫೋಟೋ ಮುದ್ರಿಸುವ ಲ್ಯಾಬಿನಲ್ಲಿ ದುಡಿದವರು. ಅದು ಮುಚ್ಚಿದಾಗ ಉಳಿದದ್ದು ಕತ್ತುನೋವೊಂದೇ. ಈಗ ದಿನಕ್ಕೆ ಐದು ಕ್ಯಾಮೆರಾ, ಒಂದೊಂದರಲ್ಲೂ ಇನ್ನೂರು ಚಿತ್ರ. ಪರೀಕ್ಷೆ ಮುಗಿದೊಡನೆ ಎಲ್ಲವನ್ನೂ ಅಳಿಸುತ್ತಾರೆ.

ಚಿತ್ರವನ್ನು ಹಿಗ್ಗಿಸಿ ನೋಡಿದವರು ತಲೆ ಅಲ್ಲಾಡಿಸುತ್ತಾರೆ. ಫೋಕಸ್ ಹಿಡಿದದ್ದು ಅಮ್ಮನ ಕಣ್ಣಿಗೆ. ಚೂಪಾಗಿ ಬಂದದ್ದು ಕಿವಿಯ ಪಕ್ಕದ ಕೂದಲು.

"ಅಷ್ಟೆಲ್ಲ ಯಾರು ನೋಡ್ತಾರಮ್ಮಾ? ಒಂಬತ್ತಾಯ್ತು, ಕೊಟ್ಬಿಡು," ಎಂದು ಅಂಗಡಿಯ ಮಾಲೀಕರು ಬಾಗಿಲಲ್ಲೇ ಗಡಿಬಿಡಿ ಮಾಡುತ್ತಾರೆ.

"ಮದುಮಗಳು ನೋಡ್ತಾಳೆ ಸಾರ್. ಓಲೆ ಹೊಳೆದು ಕಣ್ಣು ಮಂಕಾದ್ರೆ, ಇನ್ನೊಂದ್ಸಲ ಮದುವೆ ಮಾಡಿಸ್ತೀರಾ?"

ಮಾಲೀಕರು ಮುಖ ಗಂಟಿಕ್ಕಿಕೊಂಡು ಹೋಗುತ್ತಾರೆ. ಅಜ್ಜಿ ಮತ್ತೆ ಕತ್ತು ನೆಟ್ಟಗೆ ಮಾಡುತ್ತಾರೆ. ಮಗಳು ಕ್ಯಾಮೆರಾದೊಳಗಿನ ಫೋಕಸ್ ಅಳತೆಯನ್ನು ಒಂದೊಂದೇ ಅಂಕಿ ಬದಲಿಸುತ್ತಾರೆ, ತೆಗೆಯುತ್ತಾರೆ, ನೋಡುತ್ತಾರೆ. ಆರನೆಯ ಸಲ ರೆಪ್ಪೆಯ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುತ್ತದೆ. ಒಂಬತ್ತೂವರೆಗೆ ಫೋಟೋಗ್ರಾಫರ್ ಕ್ಯಾಮೆರಾ ಹೆಗಲಿಗೇರಿಸಿ ಓಡುತ್ತಾರೆ.

"ಇಷ್ಟು ಫೋಟೋದಲ್ಲಿ ಮನೆಗೆ ಒಂದೂ ಇಲ್ವಾ ಅಜ್ಜೀ?" ನಾನು ಕೇಳುತ್ತೇನೆ.

ಅಜ್ಜಿ ನಗುತ್ತಾರೆ. "ಯಾಕೆ ಬೇಕು? ನನ್ನ ಸುಕ್ಕು ಎಣಿಸದೆ ಈ ಬಾಗಿಲು ದಾಟಿದ ಕ್ಯಾಮೆರಾ ಒಂದೂ ಇಲ್ಲ."

ಆರರಿಂದ ಇಬ್ಬರೂ ಏನೂ ತಿಂದಿಲ್ಲ. ಮಾಲೀಕರು ಮತ್ತೆ ಬರುತ್ತಾರೆ. ತಮ್ಮ ಊಟದ ಡಬ್ಬಿಯನ್ನು ಅಜ್ಜಿಯ ಮಡಿಲಲ್ಲಿಟ್ಟು ಹೋಗುತ್ತಾರೆ.