ನಡುವಿನ ಪ್ಲಗ್ಗು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಧನುರ್ಮಾಸದ ಒಂದು ಬೆಳಿಗ್ಗೆ ನನ್ನ ಯಜಮಾನರು ಹಜಾರದ ಕುರ್ಚಿಯಲ್ಲಿ ಕೂತು, ಎದುರಿಗಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಎಡಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದು, ಇನ್ನು ಹಾಸನಕ್ಕೆ ಬರುವುದಿಲ್ಲ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅವರಿಗೆ ಪಾರ್ಶ್ವವಾಯು ಹೊಡೆದು ಆಗ ಕೆಲವು ತಿಂಗಳಾಗಿತ್ತು. ಕಾಲು ಸುಧಾರಿಸಿ, ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾಗಿದ್ದರು. ಬಲಗೈ ಮಾತ್ರ ಹಟ ಹಿಡಿದಿತ್ತು. ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಮನೆಯಲ್ಲಿ ಮಾಡಲು ಒಂದು ಕೆಲಸ ಕೊಟ್ಟಿದ್ದಳು: ಬಲಗೈ ಬೆರಳಿನಿಂದ ಬಾಟಲಿಯ ಮುಚ್ಚಳ ತಿರುಗಿಸಿ ಬಿಚ್ಚುವುದು, ಮತ್ತೆ ಹಾಕುವುದು. ನನ್ನನ್ನು ಪಕ್ಕಕ್ಕೆ ಕರೆದು, ಈಗ ವ್ಯಾಯಾಮ ಬಿಟ್ಟರೆ ಬೆರಳುಗಳು ಹಾಗೇ ಮಡಚಿಕೊಂಡು ಕೂತುಬಿಡುತ್ತವೆ, ಆಮೇಲೆ ಯಾರಿಂದಲೂ ಬಿಡಿಸಲು ಆಗುವುದಿಲ್ಲ ಎಂದೂ ಹೇಳಿದ್ದಳು. ಜೀವಮಾನವೆಲ್ಲ ಸ್ಟೇರಿಂಗ್ ತಿರುಗಿಸಿದವರಿಗೆ ಬಾಟಲಿ ಮುಚ್ಚಳ ಕೊಟ್ಟರೆ ಅವಮಾನವಾಗದೆ ಇರುತ್ತದೆಯೇ? ನನಗೂ ಅರ್ಥವಾಗುತ್ತಿತ್ತು. ಅರ್ಥವಾದರೆ ಕೋಪ ಬರಬಾರದು ಎಂದೇನಿಲ್ಲವಲ್ಲ.

ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿಗೇನೂ ಬರವಿಲ್ಲ. ಆದರೆ ಒಂದು ಸಲ ಕಂಡಕ್ಟರೂ ನಾನೂ ಸೇರಿ ಅವರನ್ನು ಅಕ್ಕಿ ಮೂಟೆಯ ಹಾಗೆ ಮೆಟ್ಟಿಲು ಹತ್ತಿಸಿದ್ದೆವು. ಅವತ್ತಿನಿಂದ ಅವರ ಮುಂದೆ ಬಸ್ಸಿನ ಹೆಸರೆತ್ತುವ ಹಾಗಿರಲಿಲ್ಲ. ಉಳಿದದ್ದು ನಮ್ಮ ಹಳೆಯ ಪೆಟ್ರೋಲ್ ವ್ಯಾನು. ನೆಲಕ್ಕೆ ಹತ್ತಿರ, ಹಿಂದಿನ ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಯಾತ್ರಿಕರನ್ನು ಹೊತ್ತು ನಮಗೆ ಅನ್ನ ಹಾಕಿದ ಗಾಡಿ ಅದು. ಹಳೇಕೋಟೆಯಲ್ಲಿ ನನ್ನ ತವರಿನ ಕಣದಲ್ಲಿ ಅವರೇ ನನಗೆ ಅದನ್ನು ಓಡಿಸಲು ಕಲಿಸಿದ್ದರು. ಕಲಿಸುವಾಗ ಬೈದ ಬೈಗುಳ ಈಗಲೂ ನನಗೆ ಬಾಯಿಪಾಠ. ಹಾಸನಕ್ಕೆ ಅವರನ್ನು ಕರೆದುಕೊಂಡು ಹೋಗುತ್ತಿದ್ದದ್ದು ನಾನೇ.

ಆ ವ್ಯಾನು ಹಿಂದಿನ ವಾರ ನಿಂತುಹೋಯಿತು. ಅರಕಲಗೂಡು ರಸ್ತೆಯ ಮೆಕ್ಯಾನಿಕ್ ಮನೆಗೇ ಬಂದು, ಮುಂದಿನ ಸೀಟು ಎತ್ತಿ, ಅದರಡಿಯ ಇಂಜಿನ್ ನೋಡಿದರು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಮೂರು ಪ್ಲಗ್ಗೂ ಸತ್ತಿವೆ, ಬಿಚ್ಚೋಣವೆಂದರೆ ಮೂರೂ ಕಚ್ಚಿಕೊಂಡಿವೆ, ಬಲವಂತ ಮಾಡಿದರೆ ಒಳಗೇ ಮುರಿಯುತ್ತವೆ, ಆಮೇಲೆ ಇಂಜಿನ್ನಿನ ಹೆಡ್ಡೇ ಇಳಿಸಬೇಕು, ಇಷ್ಟು ಹಳೆಯ ಗಾಡಿಗೆ ಅದೆಲ್ಲ ಯಾಕಮ್ಮ, ಗುಜರಿಗೆ ಹಾಕಿ ಎಂದರು. ಪಾಪ, ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಹಜಾರದಲ್ಲಿ ಕೂತಿದ್ದ ಯಜಮಾನರ ಕಿವಿಗೆ ಅಷ್ಟೂ ಬಿದ್ದಿತ್ತು.

ಬಾಟಲಿ ಎಸೆದ ಬೆಳಿಗ್ಗೆ ಅದು ಹೊರಗೆ ಬಂತು. "ಗಾಡಿನೂ ಗುಜರಿ, ನಾನೂ ಗುಜರಿ. ಬುಟ್ಬುಡು ಅತ್ಲಾಗೆ," ಎಂದರು.

ವ್ಯಾನು ಮತ್ತೆ ಓಡಿದರೆ ಬರುತ್ತೀರೋ ಇಲ್ಲವೋ ಅಷ್ಟು ಹೇಳಿ ಎಂದು ಕೇಳಿದೆ.

"ಓಡುದ್ರೆ ಬತ್ತೀನಿ. ಓಡಲ್ಲ ಕಣೆ."

ನನಗೆ ಅಷ್ಟು ಸಾಕಾಗಿತ್ತು. ಸೀರೆ ಸೆರಗು ಸಿಕ್ಕಿಸಿ, ಅವರ ಟೂಲ್ಸ್ ಚೀಲ ತೆಗೆದು, ಅಂಗಳದಲ್ಲಿ ನಿಂತಿದ್ದ ವ್ಯಾನಿನ ಸೀಟು ಎತ್ತಿದೆ.

ಕೊಳವೆಯಂಥ ಪ್ಲಗ್ ಸ್ಪ್ಯಾನರ್, ಅದರ ತಲೆಯ ತೂತಿಗೆ ತೂರಿಸುವ ಒಂದು ರಾಡು, ಇಷ್ಟೇ ಆಯುಧ. ಹಾಕಹೊರಟಾಗ ಹಜಾರದಿಂದ ಗದರಿಕೆ ಬಂತು: ಮೊದಲು ಪ್ಲಗ್ಗಿನ ಸುತ್ತ ಕೂತ ಮಣ್ಣು ತೆಗೆಯಬೇಕು, ಇಲ್ಲದಿದ್ದರೆ ಅದೆಲ್ಲ ಇಂಜಿನ್ನಿನ ಹೊಟ್ಟೆಗೆ ಬೀಳುತ್ತದೆ. ಓಡಲ್ಲ ಎಂದವರಿಗೆ ಗಾಡಿಯ ಹೊಟ್ಟೆಯ ಚಿಂತೆ ಯಾಕೋ ಎಂದು ಗೊಣಗುತ್ತಲೇ ಪಕ್ಕದ ಮನೆಯ ಸೈಕಲ್ ಪಂಪು ತಂದು ಊದಿದೆ. ಧೂಳೆಲ್ಲ ನನ್ನ ಮುಖಕ್ಕೇ ಬಂತು.

ಎರಡು ಕಡೆಯ ಪ್ಲಗ್ಗುಗಳು ತೋಳು ಬಿದ್ದುಹೋಗುವಷ್ಟು ಸತಾಯಿಸಿದರೂ ಮಧ್ಯಾಹ್ನದ ಹೊತ್ತಿಗೆ ಕಿರ್ರೆಂದು ಸಡಿಲಾಗಿ ಬಂದವು. ನಡುವಿನದು ಮಾತ್ರ ಕದಲಲಿಲ್ಲ. ರಾಡಿಗೆ ಜೋತುಬಿದ್ದೆ, ಬೈದೆ, ಮನೆದೇವರನ್ನೂ ಕರೆದೆ. ಕೊನೆಗೆ ನಮ್ಮ ಸೀಮೆಯ ಹೆಂಗಸರೆಲ್ಲ ಮಾಡುವುದನ್ನೇ ಮಾಡಿದೆ. ಬಾಗಿಲ ಚಿಲಕ ಬಿಗಿಯಾದರೂ, ಬೆರಳಲ್ಲಿ ಉಂಗುರ ಸಿಕ್ಕಿಕೊಂಡರೂ ನಮಗೆ ಇರುವುದು ಒಂದೇ ಔಷಧಿ. ದಿನಾ ಬೆಳಿಗ್ಗೆ ಅವರ ಕೈಗೆ ಹಚ್ಚಿ ತಿಕ್ಕುತ್ತಿದ್ದ ಕೊಬ್ಬರಿ ಎಣ್ಣೆಯನ್ನೇ ಪ್ಲಗ್ಗಿನ ಗುಳಿಗೆ ಧಾರಾಳವಾಗಿ ಸುರಿದು, ರಾತ್ರಿಯೆಲ್ಲ ನೆನೆಯಲಿ ಎಂದು ಬಿಟ್ಟೆ.

ಬೆಳಿಗ್ಗೆ ನೋಡಿದರೆ ಗುಳಿಯ ತುಂಬ ಬೆಳ್ಳಗೆ ಗಟ್ಟಿಯಾದ ಎಣ್ಣೆ, ಪ್ಲಗ್ಗೇ ಕಾಣುತ್ತಿರಲಿಲ್ಲ. ಆ ಚಳಿಯಲ್ಲಿ ಸ್ನಾನದ ಮನೆಯ ಎಣ್ಣೆ ಬಾಟಲಿಯನ್ನೇ ಬಿಸಿನೀರಲ್ಲಿ ಇಟ್ಟು ಕರಗಿಸಿಕೊಳ್ಳುವವಳು ನಾನು, ಅಷ್ಟು ಹೊಳೆಯಬಾರದಿತ್ತೇ? ಯಜಮಾನರು ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು. ನೋಡಿ ನಕ್ಕರು. ಕೈ ಬಿದ್ದಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಅದನ್ನು ತೋರಿಸಿಕೊಳ್ಳದೆ, ನಗೋದು ಸಾಕು, ಏನು ಮಾಡಬೇಕು ಹೇಳಿ ಎಂದು ಜೋರು ಮಾಡಿದೆ.

ಎರಡು ಕಡೆ ಹೊಸ ಪ್ಲಗ್ ಹಾಕಿ ಸ್ಟಾರ್ಟ್ ಮಾಡು, ಇಂಜಿನ್ ಬಿಸಿಯಾದರೆ ಎಣ್ಣೆ ಕರಗಿ ಪ್ಲಗ್ಗಿನ ಮರೆಯೊಳಗೆ, ಅದರ ತಿರುಪಿನ ಸುತ್ತುಗಳೊಳಗೆ, ಇಳಿಯುತ್ತದೆ ಎಂದರು. ಪೇಟೆಗೆ ಹೋಗಿ ಮೂರು ಹೊಸ ಪ್ಲಗ್ಗು ತಂದು ಹಾಗೇ ಮಾಡಿದೆ. ಬಹಳ ಹೊತ್ತು ಕೆಮ್ಮಿ, ವ್ಯಾನು ಹೊತ್ತಿಕೊಂಡಿತು. ಆದರೆ ಮೂರರಲ್ಲಿ ಎರಡೇ ಕೆಲಸ ಮಾಡುತ್ತಿದ್ದದ್ದರಿಂದ ಗಾಡಿಯೆಲ್ಲ ಗಡಗಡ ನಡುಗುತ್ತಿತ್ತು. ನೋಡಿ, ಸ್ಟಾರ್ಟ್ ಆಯಿತು, ಹೊರಡಿ ಎಂದೆ.

ಅವರ ನಗು ಆರಿಹೋಯಿತು. "ಇದು ಓಡಾದಲ್ಲ ಕಣೆ. ನನ್ನಂಗೇ ಕುಂಟ್ತಾ ಐತೆ."

ಇಂಜಿನ್ ಆರಿಸಿದೆ. ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಅಂಗಳದ ತುಂಬ ಹೊಡೆಯುತ್ತಿತ್ತು. ಮತ್ತೆ ಸ್ಪ್ಯಾನರ್ ಹಾಕಿ ಎಳೆಯುತ್ತಾ, ಯಾವ ರಾಕ್ಷಸ ಇದನ್ನು ಇಷ್ಟು ಬಿಗಿ ಮಾಡಿದನೋ, ಅವನ ಕೈ ಸೇದಿಹೋಗ ಎಂದುಬಿಟ್ಟೆ. ಬಾಯಿಗೆ ಬಂದದ್ದು ಬಂದುಬಿಟ್ಟಿತು.

ಅವರು ವ್ಯಾನಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. "ನಾನೇ ಕಣೆ," ಎಂದರು.

ಒಂದು ಸಲ ಬೆಳಗೊಳದಿಂದ ಯಾತ್ರಿಕರನ್ನು ಕರೆತರುವಾಗ ಆ ಪ್ಲಗ್ಗು ಸಡಿಲಾಗಿ ಗಾಡಿ ದಾರಿಯಲ್ಲೇ ನಿಂತಿತ್ತಂತೆ. ಗಿರಾಕಿಗಳ ಮುಂದೆ ಮರ್ಯಾದೆ ಹೋಯಿತೆಂಬ ಸಿಟ್ಟಿಗೆ, ಇನ್ನು ಈ ಜನ್ಮದಲ್ಲಿ ಇದು ಅಲ್ಲಾಡಬಾರದು ಎಂದು ರಾಡಿಗೆ ಪೈಪು ತೂರಿಸಿ ಬಿಗಿದಿದ್ದರಂತೆ. ಹೇಳುತ್ತಾ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ನನಗೆ ನಾಲಿಗೆ ಕಿತ್ತುಕೊಳ್ಳಬೇಕೆನಿಸಿತು. ನಿನ್ನೆಯಿಂದ ನಾನು ಜಗ್ಗಾಡುತ್ತಿದ್ದದ್ದು ಇವರ ಹಳೆಯ ಕೈಯೊಂದಿಗೆ. ಆ ಕೈ ಎಷ್ಟು ಗಟ್ಟಿಯಿತ್ತು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಳು ಬಂತು. ಅಳುತ್ತಲೇ ರಾಡು ಹಿಡಿದೆ. ಇದನ್ನು ಬಿಚ್ಚದೆ ಮೇಲೇಳುವುದಿಲ್ಲ ಎಂದೆ.

"ಗುದ್ದಿ ಅಣ್ಣು ಮಾಡ್ಬ್ಯಾಡ," ಎಂದರು ಅವರು, ಮೆತ್ತಗೆ. "ಒಸಿ ಬಿಚ್ಚು. ತಿರುಗಾ ಒಸಿ ಬಿಗಿ ಮಾಡು. ಮತ್ತೆ ಬಿಚ್ಚು. ಒಂದೇ ಸತಿ ಎಳುದ್ರೆ ಮುರ್ದೋಯ್ತದೆ."

ಹಾಸನದ ಹುಡುಗಿ ಹೇಳುವುದೂ ಇದನ್ನೇ ಅಲ್ಲವೇ, ಅವಳು ಹೇಳಿದರೆ ಮಾತ್ರ ನಿಮಗೆ ಕೋಪ ಎಂದು ಚುಚ್ಚಿದೆ. ಚುಚ್ಚುತ್ತಲೇ ಅವರು ಹೇಳಿದ ಹಾಗೆ ರಾಡು ತಿರುಗಿಸಿದೆ. ಪ್ಲಗ್ಗು ಕೂದಲೆಳೆಯಷ್ಟು ಕದಲಿತು. ಹಿಂದಕ್ಕೆ ಬಿಗಿದೆ. ಮತ್ತೆ ಬಿಚ್ಚಿದೆ. ಕರಗಿದ ಎಣ್ಣೆ ಒಳಗಿಳಿಯುತ್ತಾ ಹೋಯಿತು, ಕಿರುಗುಟ್ಟುವುದು ಕಡಿಮೆಯಾಯಿತು. ಬಿಸಿಲು ಅಂಗಳ ದಾಟುವ ಹೊತ್ತಿಗೆ ಪ್ಲಗ್ಗು ಇಡಿಯಾಗಿ, ಕರ್ರಗೆ, ನನ್ನ ಕೈಗೆ ಬಂತು. ಅವರ ಅಂಗೈ ಮೇಲಿಟ್ಟೆ. ಬಹಳ ಹೊತ್ತು ಅದನ್ನೇ ನೋಡಿದರು.

ಹೊಸ ಪ್ಲಗ್ಗನ್ನು ನೀವೇ ಹಾಕಬೇಕು ಎಂದೆ. ಎಡಗೈ ಚಾಚಿದರು. ನಾನು ಕೊಡಲಿಲ್ಲ.

"ಆ ಕೈಗಲ್ಲ," ಎಂದೆ.

ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ. ಶುರುವಿನಲ್ಲಿ ಪ್ಲಗ್ಗಿಗೆ ಬಲ ಹಾಕಬಾರದು, ಬೆರಳಲ್ಲೇ ತಿರುಗಿಸಬೇಕು, ಇಲ್ಲದಿದ್ದರೆ ಮರೆ ಕೆಡುತ್ತದೆ ಎಂದು ಮಿಕ್ಕೆರಡನ್ನು ಹಾಕುವಾಗ ನನಗೆ ಹೇಳಿಕೊಟ್ಟವರು ಅವರೇ. ರಬ್ಬರ್ ಪೈಪಿನ ತುಂಡಿನ ತುದಿಗೆ ಪ್ಲಗ್ಗು ಸಿಕ್ಕಿಸಿ, ಗುಳಿಯೊಳಗೆ ಇಳಿಸಿ, ಪೈಪಿನ ಮೇಲ್ತುದಿಯನ್ನು ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟೆ. ಬೆರಳು ನಡುಗಿತು, ಪೈಪು ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಬಾಟಲಿಯಾಗಿದ್ದರೆ ಅಷ್ಟರಲ್ಲಿ ಅಂಗಳಕ್ಕೆ ಹೋಗಿರುತ್ತಿತ್ತು. ಅವರು ತುಟಿ ಕಚ್ಚಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಇಷ್ಟಿಷ್ಟೇ ತಿರುಗಿಸಿದರು.

"ಇಡ್ಕತ್ತು ಕಣೆ," ಎಂದರು. ಮರೆ ಹಿಡಿದಿತ್ತು.

ಕೊನೆಯ ಬಿಗಿಯನ್ನು ನಾನು ಹಾಕಿದೆ. ಸಾಕು, ಸಾಕು ಎಂದು ಅವರೇ ತಡೆದರು. ಕೀ ತಿರುಗಿಸಿದಾಗ ವ್ಯಾನು ಒಂದೇ ಸಮನೆ ಗುಂಯ್‌ಗುಟ್ಟಿತು, ನಡುಕವಿಲ್ಲ. ಅವರು ಎಡಗೈಯನ್ನು ಬಾಗಿಲಿಗೆ ಊರಿ ಅದನ್ನು ಕೇಳುತ್ತಾ ನಿಂತರು. ಒಳಗೆ ಹೋಗುವಾಗ ಅಂಗಳದಲ್ಲಿ ಬಿದ್ದಿದ್ದ ಬಾಟಲಿಯನ್ನು ಕೋಲಿನಿಂದ ಮೆಟ್ಟಿಲ ಕಡೆಗೆ ತಳ್ಳಿಕೊಂಡು ಹೋದರು. ನಾನು ಕಾಣದವಳ ಹಾಗೆ ಸೀಟು ಕೂರಿಸುತ್ತಿದ್ದೆ.

ಸಂಜೆ ಸೋಪು ಹಚ್ಚಿ ಅವರ ಬೆರಳಿನ ಗ್ರೀಸು ತೊಳೆಯಹೋದರೆ ಕೈ ಎಳೆದುಕೊಂಡರು. ಮಾರನೇ ದಿನ ಹಾಸನದಲ್ಲಿ ಆ ಹುಡುಗಿ ಅವರ ಬಲಗೈ ಹಿಡಿದು, ಬೆರಳೆಲ್ಲ ಯಾಕೆ ಕರ್ರಗಿವೆ ಎಂದು ಕೇಳಿದಳು. ಅವರು ನನ್ನ ಕಡೆ ನೋಡಲಿಲ್ಲ.

"ಕೆಲ್ಸ ಮಾಡ್ದೆ ಕಣವ್ವ," ಎಂದರು.